ಪಿಕ್‌ಅಪ್ ವಾಹನದ ಸ್ಪೀಕರ್ ಬದಲಾವಣೆ: ಆರು ಸಾವಿರದೊಳಗಿನ ಲೆಕ್ಕಾಚಾರ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ಕಪಾಟು, ರ‍್ಯಾಕುಗಳನ್ನು ತಯಾರಿಸುವ ಸಣ್ಣ ಪಾಲುದಾರಿಕೆ ಸಂಸ್ಥೆಯೊಂದು ವಾರಕ್ಕೆ ಎರಡು ಬಾರಿ ಹುಬ್ಬಳ್ಳಿಗೆ ಸರಕು ಕಳುಹಿಸುತ್ತದೆ. ಸಂಜೆ ತುಂಬಿದ ಪಿಕ್‌ಅಪ್ ವಾಹನವು ರಾತ್ರಿ ಹೊರಟು ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಮಾರ್ಗವಾಗಿ ಬೆಳಗಿನ ಹೊತ್ತಿಗೆ ಗಿರಾಕಿಯ ಬಾಗಿಲಿಗೆ ತಲುಪಬೇಕು. ವಾಹನಕ್ಕೆ ಆರು ವರ್ಷವಾಗಿದೆ. ಟೈರು, ಬ್ರೇಕು, ಕ್ಲಚ್ ಪ್ಲೇಟುಗಳ ಖರ್ಚಿಗೆ ಎಂದೂ ಹಿಂದೆಮುಂದೆ ನೋಡದ ಹಿರಿಯ ಪಾಲುದಾರರು, ಬಾಗಿಲಿನ ಸ್ಪೀಕರ್ ಕೆಟ್ಟಿದೆ ಎಂದು ಚಾಲಕನು ತಿಳಿಸಿದಾಗ ಮಾತ್ರ ಅದನ್ನು ಷೋಕಿಯ ಬಾಬ್ತೆಂದು ಬದಿಗೆ ಸರಿಸಿದರು.

ಎರಡು ತಿಂಗಳ ಬಳಿಕ, ಶಿರಾ ದಾಟಿದ ಮೇಲೆ, ಹಿಂದಿನಿಂದ ಬಂದ ಬಸ್ಸಿನ ಹಾರನ್ ಕೇಳಿಸದೆ ವಾಹನವು ಬಲಕ್ಕೆ ಹೊರಳಿತು. ಅದೃಷ್ಟವಶಾತ್ ಕನ್ನಡಿ ಹಾಗೂ ಬಾಡಿಯ ಒಂದು ಮೂಲೆ ಮಾತ್ರ ಜಖಂಗೊಂಡವು. ವಿಚಾರಿಸಿದಾಗ ಚಾಲಕನು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ ಸಂಗತಿ ಹೊರಬಿತ್ತು. “ಆ ಸ್ಪೀಕರ್ ಬರೀ ಗೊರಗೊರ ಅಂತದೆ ಸಾರ್, ಮ್ಯಾಪ್ ಏನು ಹೇಳ್ತಿದೆ ಅನ್ನೋದೂ ಗೊತ್ತಾಗಲ್ಲ. ಅದಕ್ಕೇ ಇದನ್ನ ಹಾಕ್ಕೊಂಡೆ” ಎಂಬುದು ಅವನ ಉತ್ತರ. ಕನ್ನಡಿ ಮತ್ತು ಬಾಡಿ ರಿಪೇರಿಯ ಬಿಲ್ಲು ಕೈಗೆ ಬಂದ ದಿನವೇ ಪಾಲುದಾರರು ಸ್ಪೀಕರಿಗಾಗಿ ರೂ. 6,000/- ಮಂಜೂರು ಮಾಡಿದರು. ನಿದ್ದೆಗೆ ಹಾಡು ಮದ್ದಲ್ಲ, ವಿಶ್ರಾಂತಿಯೇ ಮದ್ದು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ; ಆದರೆ ಕಿವಿ ಮುಚ್ಚಿಕೊಂಡು ಹೆದ್ದಾರಿಯಲ್ಲಿ ವಾಹನ ನಡೆಸುವ ಪರಿಸ್ಥಿತಿಯನ್ನು ತಪ್ಪಿಸುವುದು ಮಾಲೀಕರ ಕೈಯಲ್ಲೇ ಇದೆ.

ಎರಡು ಅಂದಾಜು ಪಟ್ಟಿಗಳು

ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ದೊರೆತ ಮೊದಲ ಅಂದಾಜಿನಲ್ಲಿ ಸ್ಪೀಕರ್ ಜೋಡಿ, ಆಂಪ್ಲಿಫೈಯರ್, ಸೀಟಿನ ಹಿಂದೆ ಇಡುವ ಸಬ್‌ವೂಫರ್ ಪೆಟ್ಟಿಗೆ ಎಲ್ಲವೂ ಸೇರಿ ರೂ. 14,000/-, ಅದರ ಮೇಲೆ ಶೇ. 18 ಜಿ.ಎಸ್.ಟಿ. ಪೆಟ್ಟಿಗೆಯ ಮೇಲೆ 1,000 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಮುದ್ರಿಸಲಾಗಿತ್ತು. ಬಿಲ್ಲು ಬೇಡವಾದರೆ ತೆರಿಗೆಯೂ ಬೇಡ ಎಂಬ ಸೌಲಭ್ಯವನ್ನೂ ಅಂಗಡಿಯವರು ಸೂಚಿಸಿದರು. ಎರಡನೆಯ ಅಂಗಡಿಯವರು ಮೊದಲು ಹಳೆಯ ಸ್ಪೀಕರನ್ನು ಬಿಚ್ಚಿ ನೋಡಿ, ಆಮೇಲೆ ದರ ಹೇಳುವುದಾಗಿ ತಿಳಿಸಿದರು. ವ್ಯಾಪಾರದಲ್ಲಿ ಇಂಥ ಕ್ರಮವನ್ನು ಅನುಸರಿಸುವವರು ಕಡಿಮೆಯಾಗುತ್ತಿರುವುದರಿಂದ ಇದನ್ನು ಇಲ್ಲಿ ವಿಶೇಷವಾಗಿ ಉಲ್ಲೇಖಿಸಲಾಗಿದೆ.

ಬಿಚ್ಚಿ ನೋಡುವುದು ಅತ್ಯಗತ್ಯ. ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಕೀಲಿನ ಬಳಿಯ ವೈರುಗಳು ಮಡಚಿಕೊಂಡು ಒಳಗೇ ತುಂಡಾಗಬಹುದು; ಆಗ ಹಾಳಾಗಿರುವುದು ಸ್ಪೀಕರಲ್ಲ, ವೈರು. ಮಲ್ಟಿಮೀಟರಿನಲ್ಲಿ ಅಳೆದಾಗ 4 ಓಮ್ ಸ್ಪೀಕರು ಸುಮಾರು 3ರಿಂದ 4 ಓಮ್ ತೋರಿಸಿದರೆ ಸುರುಳಿ ಸರಿಯಿದೆ ಎಂದರ್ಥ. ಏನೂ ತೋರಿಸದಿದ್ದರೆ ಸುರುಳಿ ಸುಟ್ಟಿದೆ. ಪ್ರಸ್ತುತ ವಾಹನದಲ್ಲಿ ಬಲಬದಿಯ ಸ್ಪೀಕರಿನ ಕಾಗದದ ಶಂಕು ತೇವದಿಂದ ಸಡಿಲಗೊಂಡು ಅಂಚಿನಲ್ಲಿ ಹರಿದಿತ್ತು. ಎಡಬದಿಯದು ಕೆಲಸ ಮಾಡುತ್ತಿದ್ದರೂ ಕ್ಷೀಣವಾಗಿತ್ತು. ವಾಹನ ತಯಾರಕರು ದರವನ್ನು ಹಿಡಿತದಲ್ಲಿಡಲು ಸರಕು ವಾಹನಗಳಿಗೆ ಹಗುರವಾದ ಕಾಗದದ ಶಂಕು ಮತ್ತು ಚಿಕ್ಕ ಅಯಸ್ಕಾಂತದ ಸ್ಪೀಕರುಗಳನ್ನು ಅಳವಡಿಸುವುದು ವಾಡಿಕೆ. ಅದು ದೋಷವಲ್ಲ, ದರಕ್ಕೆ ತಕ್ಕ ಸಾಮಗ್ರಿ.

ವ್ಯಾಟಿನ ತಾಳೆಪಟ್ಟಿ

ಪೆಟ್ಟಿಗೆಯ ಮೇಲೆ ಮುದ್ರಿತವಾದ ವ್ಯಾಟ್ ಸಂಖ್ಯೆಯನ್ನು ನಂಬುವ ಮುನ್ನ ವರ್ತಕರು ತಮಗೆ ಚಿರಪರಿಚಿತವಾದ ಜಮಾ-ಖರ್ಚಿನ ತಾಳೆಯನ್ನು ಅಲ್ಲಿಯೂ ಹಾಕಿ ನೋಡಬಹುದು. ಪಿಕ್‌ಅಪ್ ವಾಹನದ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದು. ಎಂಜಿನ್ ಓಡುತ್ತಿರುವಾಗ ಅದು 14.4 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. (ದೊಡ್ಡ ಲಾರಿಗಳ 24 ವೋಲ್ಟ್ ವ್ಯವಸ್ಥೆಗೆ ಈ ಲೆಕ್ಕ ಅನ್ವಯಿಸದು.) ಮ್ಯೂಸಿಕ್ ಪ್ಲೇಯರಿನ ಮೇಲೆ “50 ವ್ಯಾಟ್, ನಾಲ್ಕು ಚಾನೆಲ್” ಎಂದಿದ್ದರೆ ಒಟ್ಟು 200 ವ್ಯಾಟ್ ಹೊರಬರಬೇಕು. ಆದರೆ ಅದೇ ಪ್ಲೇಯರಿನ ಹಿಂಭಾಗದಲ್ಲಿರುವ ಫ್ಯೂಸು 10 ಆಂಪಿಯರಿನದಾದರೆ ಒಳಗೆ ಹೋಗುವುದೇ ಹೆಚ್ಚೆಂದರೆ 144 ವ್ಯಾಟ್. ಜಮಾ 144, ಖರ್ಚು 200 ಎಂದು ತೋರಿಸುವ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ವಾಸ್ತವವೇನೆಂದರೆ, 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಯಾವ ನಷ್ಟವೂ ಇಲ್ಲದೆ ದೊರೆಯಬಹುದಾದ ಶುದ್ಧ ಶಕ್ತಿ ಸುಮಾರು 26 ವ್ಯಾಟ್. ಶಾಖದ ರೂಪದಲ್ಲಿ ಹೋಗುವ ನಷ್ಟವನ್ನು ಕಳೆದರೆ ಪ್ರತಿ ಚಾನೆಲ್ಲಿಗೆ ಉಳಿಯುವುದು 15ರಿಂದ 20 ವ್ಯಾಟ್. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ, ಇರುವ ಪ್ಲೇಯರಿನಿಂದಲೇ ಕೆಲಸ ಸಾಗಬೇಕಾದರೆ ಸ್ಪೀಕರಿನ ಮೇಲಿನ 200, 300 ವ್ಯಾಟ್‌ಗಳೆಲ್ಲ ತುಂಬಲಾಗದ ಗೋದಾಮಿನಂತೆ. ಬಾಡಿಗೆ ಕೊಡಬಹುದು, ಬಳಸಲಾಗದು.

ಹಾಗಾದರೆ ನೋಡಬೇಕಾದ ಸಂಖ್ಯೆ ಯಾವುದು? ಸ್ಪೀಕರಿನ ಸಂವೇದನಶೀಲತೆ, ಅಂದರೆ ಒಂದು ವ್ಯಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಶಬ್ದ ಬರುತ್ತದೆ ಎಂಬ ಅಳತೆ. ಇದರಲ್ಲಿ 3 ಡೆಸಿಬಲ್ ಹೆಚ್ಚಾದರೆ ಶಕ್ತಿಯನ್ನು ಇಮ್ಮಡಿಗೊಳಿಸಿದಂತೆ. 88 ಡೆಸಿಬಲ್ಲಿನ ಸ್ಪೀಕರಿಗೆ 30 ವ್ಯಾಟ್ ಕೊಟ್ಟು ಪಡೆಯುವ ಶಬ್ದವನ್ನು 91 ಡೆಸಿಬಲ್ಲಿನ ಸ್ಪೀಕರು 15 ವ್ಯಾಟಿನಲ್ಲೇ ನೀಡುತ್ತದೆ. ಕಡಿಮೆ ಬಂಡವಾಳದಲ್ಲಿ ಹೆಚ್ಚು ವಹಿವಾಟು ಎಂಬುದು ಇದೇ ತಾನೆ! ಆದರೆ ಇಲ್ಲಿಯೂ ಒಂದು ತೂಕದ ಮೋಸಕ್ಕೆ ಅವಕಾಶವಿದೆ. ಕೆಲವು ತಯಾರಕರು ಈ ಅಳತೆಯನ್ನು 1 ವ್ಯಾಟಿಗೆ ಬದಲಾಗಿ 2.83 ವೋಲ್ಟಿಗೆ ಎಂದು ಮುದ್ರಿಸುತ್ತಾರೆ. 8 ಓಮ್ ಸ್ಪೀಕರಿಗೆ ಇವೆರಡೂ ಒಂದೇ; 4 ಓಮಿನ ವಾಹನ ಸ್ಪೀಕರಿನಲ್ಲಿ 2.83 ವೋಲ್ಟ್ ಎಂದರೆ 2 ವ್ಯಾಟ್. ಅಂದರೆ ಸಂಖ್ಯೆ 3 ಡೆಸಿಬಲ್ ಉಬ್ಬಿರುತ್ತದೆ. ಡಜನ್ನಿನ ದರವನ್ನೂ ಹತ್ತರ ದರವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಂತಾದೀತು.

ಗಾತ್ರದ ವಿಚಾರದಲ್ಲಿ ಹಳೆಯದನ್ನೇ ಅನುಸರಿಸುವುದು ಕ್ಷೇಮ. ರಂಧ್ರ ದೊಡ್ಡದು ಮಾಡಲು ಬಾಗಿಲಿನ ತಗಡನ್ನು ಕತ್ತರಿಸಿದರೆ ತುಕ್ಕಿಗೆ ದಾರಿ ಮಾಡಿಕೊಟ್ಟಂತೆ. ವ್ಯಾಸದಷ್ಟೇ ಆಳವೂ ಮುಖ್ಯ: ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿ, ಅಯಸ್ಕಾಂತವು ಅದಕ್ಕೆ ತಾಗುವುದೋ ಎಂದು ಅಳೆದೇ ಖರೀದಿಸಬೇಕು. ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜವಾದ್ದರಿಂದ, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನಲ್ಲಿ ಓಡುವ ವಾಹನಗಳಿಗೆ, ಪಾಲಿಪ್ರೊಪಿಲೀನ್ ಶಂಕು ಹಾಗೂ ರಬ್ಬರ್ ಅಂಚಿನ ಸ್ಪೀಕರು ಬಾಳಿಕೆ ಬರುತ್ತದೆ. ಸರಕು ವಾಹನಕ್ಕೆ ಒಂದೇ ಚೌಕಟ್ಟಿನಲ್ಲಿ ಟ್ವೀಟರ್ ಸೇರಿರುವ ಕೋಯಾಕ್ಸಿಯಲ್ ಜೋಡಿಯೇ ಸಾಕು.

ಬಾಗಿಲೇ ಪೆಟ್ಟಿಗೆ

ಹೆಚ್ಚಿನ ಮಾಲೀಕರು ಗಮನಿಸದ ಅಂಶವೊಂದಿದೆ. ಸ್ಪೀಕರಿನ ಶಂಕು ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಿನಿಂದ ಸೆಳೆಯುತ್ತದೆ. ಹಿಂದಿನ ತರಂಗವು ಬಾಗಿಲಿನ ತೂತುಗಳ ಮೂಲಕ ಮುಂದಕ್ಕೆ ಬಂದು ಸೇರಿದರೆ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಮೊದಲು ಮಾಯವಾಗುವುದು ತಬಲ, ಮೃದಂಗಗಳ ಗಂಭೀರ ನಾದ. ಎಷ್ಟೇ ದುಬಾರಿ ಸ್ಪೀಕರನ್ನು ತೂತಿನ ಬಾಗಿಲಿಗೆ ಕೂರಿಸಿದರೂ ಫಲ ಅಷ್ಟಕ್ಕಷ್ಟೇ. ಬಾಗಿಲಿನ ಒಳತಗಡಿನ ತೂತುಗಳನ್ನು ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ಅಂಟುಹಾಳೆಯಿಂದ ಮುಚ್ಚಿ, ಹೊರತಗಡಿನ ಒಳಮೈಗೂ ಅಲ್ಲಲ್ಲಿ ಹಚ್ಚಿ, ಸ್ಪೀಕರಿನ ಸುತ್ತ ಸ್ಪಂಜಿನ ಉಂಗುರ ಕೂರಿಸಿದರೆ ಗಡಗಡ ಶಬ್ದವೂ ಅಡಗುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಬಸಿಯಲು ಇರುವ ರಂಧ್ರಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಕೂಡದು. ಇದೇ ಅಂಟುಹಾಳೆಗೆ ವ್ಯಯಿಸಿದ ರೂ. 900/- ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚೆನ್ನಬಹುದು.

ಜೋಡಿಸುವಾಗ ಪ್ಲಸ್, ಮೈನಸ್ ತಂತಿಗಳು ಒಂದು ಬದಿಯಲ್ಲಿ ಅದಲುಬದಲಾದರೆ ಎಡಬಲ ಸ್ಪೀಕರುಗಳೇ ಪರಸ್ಪರ ಎದುರಾಳಿಗಳಾಗುತ್ತವೆ. 1.5 ವೋಲ್ಟಿನ ಗಡಿಯಾರದ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ, ಶಂಕು ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್ ಎಂದು ತಿಳಿಯಬಹುದು. ಇಂದಿನ ಪ್ಲೇಯರುಗಳಲ್ಲಿ ಸ್ಪೀಕರಿನ ಮೈನಸ್ ತಂತಿಯನ್ನು ಬಾಡಿಗೆ ಅರ್ತ್ ಮಾಡಿದರೆ ಒಳಗಿನ ಐ.ಸಿ. ಸುಡುತ್ತದೆ, ಹಳೆಯ ಕಾಲದ ರೇಡಿಯೋ ಕೆಲಸ ಕಲಿತ ಮೆಕ್ಯಾನಿಕ್ಕುಗಳಿಗೆ ಇದನ್ನು ಮೊದಲೇ ನೆನಪಿಸುವುದು ಒಳ್ಳೆಯದು. ಮೂಲ ವೈರುಗಳನ್ನು ಕತ್ತರಿಸದೆ ಅಡಾಪ್ಟರ್ ಸಾಕೆಟ್ ಬಳಸಿದರೆ ವಾರಂಟಿಯ ತಕರಾರಿಗೂ ಅವಕಾಶವಿರದು. ಪ್ಲೇಯರಿನಲ್ಲಿ ಹೈಪಾಸ್ ಫಿಲ್ಟರ್ ಸೌಲಭ್ಯವಿದ್ದರೆ 80 ಅಥವಾ 100 ಹರ್ಟ್ಸಿಗೆ ಇಡಬೇಕು. ಇದಕ್ಕೆ ಖರ್ಚು ಸೊನ್ನೆ, ಸ್ಪೀಕರಿನ ಆಯುಸ್ಸಿಗೆ ಲಾಭ.

ಲೆಕ್ಕದ ಪುಸ್ತಕದಲ್ಲಿ

ಎರಡನೆಯ ಅಂಗಡಿಯ ಬಿಲ್ಲು ಹೀಗಿತ್ತು: ಸ್ಪೀಕರ್ ಜೋಡಿ ರೂ. 2,400/-, ಅಂಟುಹಾಳೆ ರೂ. 900/-, ಅಡಾಪ್ಟರ್ ರೂ. 250/-, ಉಂಗುರಗಳು ರೂ. 200/-, ಕೂಲಿ ರೂ. 500/-, ಒಟ್ಟು ರೂ. 4,250/-. ಶೇ. 18 ರಂತೆ ಜಿ.ಎಸ್.ಟಿ. ರೂ. 765/- ಸೇರಿ ರೂ. 5,015/-.

ವಾಹನದ ಖರ್ಚಿನ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು ಎಂಬ ತಪ್ಪು ಕಲ್ಪನೆ ವರ್ತಕ ವಲಯದಲ್ಲಿ ಇಂದಿಗೂ ಬೇರೂರಿದೆ. ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳಿಗೆ ಮಾತ್ರ 2017ರ ಜಿ.ಎಸ್.ಟಿ. ಕಾಯ್ದೆಯ ನಿರ್ಬಂಧ ಅನ್ವಯಿಸುತ್ತದೆ, ಅದಕ್ಕೂ ಕೆಲವು ವಿನಾಯಿತಿಗಳಿವೆ. ಸರಕು ಸಾಗಣೆಯ ವಾಹನಕ್ಕೆ ಆ ತಡೆ ಇಲ್ಲ. ತೆರಿಗೆ ಯೋಗ್ಯ ಸರಕನ್ನು ಮಾರುವ ನೋಂದಾಯಿತ ಸಂಸ್ಥೆಯು ತನ್ನ ಜಿ.ಎಸ್.ಟಿ. ಸಂಖ್ಯೆ ನಮೂದಾದ ಬಿಲ್ಲು ಪಡೆದು, ಅದು ಜಿ.ಎಸ್.ಟಿ.ಆರ್-2ಬಿಯಲ್ಲಿ ಕಾಣಿಸಿಕೊಂಡಿರುವುದನ್ನು ಖಚಿತಪಡಿಸಿಕೊಂಡರೆ ಆ ರೂ. 765/- ಅನ್ನು ಜಮೆ ಮಾಡಿಕೊಳ್ಳಬಹುದು. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಇನ್ನು ಆದಾಯ ತೆರಿಗೆ. ಇರುವ ಆಸ್ತಿಯನ್ನು ಕಾಪಾಡಿಕೊಂಡು ಬರುವ ಖರ್ಚು ರಿಪೇರಿ, ಹೊಸ ಆಸ್ತಿಯನ್ನು ತರುವ ಖರ್ಚು ಬಂಡವಾಳ ವೆಚ್ಚ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿಶದಪಡಿಸಿದೆ. ಹರಿದ ಸ್ಪೀಕರಿನ ಜಾಗಕ್ಕೆ ಅದೇ ಗಾತ್ರದ ಸ್ಪೀಕರು ಬಂದಿರುವುದರಿಂದ ರೂ. 4,250/- ಪೂರ್ತಿಯಾಗಿ ಅದೇ ವರ್ಷದ ವಾಹನ ನಿರ್ವಹಣಾ ವೆಚ್ಚ. ಶೇ. 30 ರ ದರದಲ್ಲಿ ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಗೆ ಇದರಿಂದ ಉಳಿಯುವ ತೆರಿಗೆ, ಸೆಸ್ ಬಿಟ್ಟು, ರೂ. 1,275/-. ಎರಡನ್ನೂ ಕಳೆದರೆ ಸಂಸ್ಥೆಯ ಕೈಯಿಂದ ನಿಜವಾಗಿ ಹೋದದ್ದು ರೂ. 2,975/-.

ಮೊದಲ ಅಂಗಡಿಯ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್‌ಗಳಾದರೋ ವಾಹನದಲ್ಲಿ ಹಿಂದೆ ಇಲ್ಲದಿದ್ದ ವಸ್ತುಗಳು. ಅವುಗಳಿಗೆ ಸ್ವಂತ ಸರಕಿನ ವಾಹನವಾದರೆ ಸಾಮಾನ್ಯವಾಗಿ ಶೇ. 15 ರಂತೆ ಸವಕಳಿ. ಬಾಡಿಗೆಗೆ ಓಡಿಸುವವರಿಗೆ ಶೇ. 30. ಸವಕಳಿಯನ್ನು ತೆರಿಗೆ ರಹಿತ ಬೆಲೆಯ ಮೇಲೆ ಮಾತ್ರ ಲೆಕ್ಕ ಹಾಕಬೇಕು, ಜಿ.ಎಸ್.ಟಿ. ಮೊತ್ತಕ್ಕೆ ಕ್ರೆಡಿಟ್ಟನ್ನೂ ಸವಕಳಿಯನ್ನೂ ಒಟ್ಟಿಗೆ ಪಡೆಯಲಾಗದು. ಅದರ ಒಟ್ಟು ರೂ. 16,520/- ಅನ್ನು ಒಂದೇ ದಿನ ನಗದಾಗಿ ಕೊಟ್ಟಿದ್ದರೆ, ಒಬ್ಬರಿಗೆ ದಿನಕ್ಕೆ ರೂ. 10,000/- ಎಂಬ ಮಿತಿ ಮೀರಿ ಸವಕಳಿಯೂ ಕೈತಪ್ಪುತ್ತಿತ್ತು. ಬಿಲ್ಲಿಲ್ಲದೆ ಕೊಂಡಿದ್ದರಂತೂ ಉಳಿಸಿದ ಶೇ. 18 ಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾಗುತ್ತಿತ್ತು, ಜೊತೆಗೆ ವಾರಂಟಿಯೂ ಇರುತ್ತಿರಲಿಲ್ಲ.

ವಿಮೆಯ ಮಾತನ್ನೂ ಮರೆಯಬಾರದು. ತಯಾರಕರ ಮಾರಾಟ ಬೆಲೆಯಲ್ಲಿ ಸೇರದೆ ಆಮೇಲೆ ಅಳವಡಿಸಿದ ವಿದ್ಯುತ್ ಉಪಕರಣಗಳಿಗೆ ಪಾಲಿಸಿಯಲ್ಲಿ ತಾನಾಗಿ ರಕ್ಷಣೆ ದೊರೆಯದು. 2002ರ ಭಾರತೀಯ ಮೋಟಾರು ಟ್ಯಾರಿಫ್‌ನ ಐ.ಎಂ.ಟಿ. 24 ಅನುಬಂಧದಂತೆ ಅವುಗಳ ಮೌಲ್ಯವನ್ನು ಪ್ರತ್ಯೇಕವಾಗಿ ಘೋಷಿಸಬೇಕು. ಅದಕ್ಕೆ ಟ್ಯಾರಿಫ್‌ನಲ್ಲಿದ್ದ ದರ ಮೌಲ್ಯದ ಶೇ. 4. ಎರಡೂವರೆ ಸಾವಿರದ ಸ್ಪೀಕರಿಗೆ ಯಾರೂ ಇದರ ಗೋಜಿಗೆ ಹೋಗಲಾರರು, ಆದರೆ ದೊಡ್ಡ ಆಂಪ್ಲಿಫೈಯರ್ ಕೂರಿಸಿದವರು ನವೀಕರಣದ ಸಮಯದಲ್ಲಿ ತಮ್ಮ ಏಜೆಂಟರನ್ನು ವಿಚಾರಿಸತಕ್ಕದ್ದು. ಪ್ರಚಾರಕ್ಕೆಂದು ವಾಹನದ ಮೇಲೆ ಹಾರನ್ ಸ್ಪೀಕರ್ ಕಟ್ಟುವುದು ಬೇರೆಯೇ ವಿಷಯ: 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಅದಕ್ಕೆ ಪ್ರಾಧಿಕಾರದ ಲಿಖಿತ ಅನುಮತಿ ಬೇಕು.

ಪೀಣ್ಯದ ಪಿಕ್‌ಅಪ್ ಈಗ ಹೊಸ ಸ್ಪೀಕರಿನೊಡನೆ ಓಡುತ್ತಿದೆ. ಇಯರ್‌ಫೋನ್ ನಿಷೇಧವನ್ನು ಟ್ರಿಪ್ ಶೀಟಿನಲ್ಲೇ ಮುದ್ರಿಸಲಾಗಿದ್ದು, ಹಿರಿಯೂರಿನಲ್ಲಿ ಅರ್ಧ ಗಂಟೆ ಕಡ್ಡಾಯ ವಿಶ್ರಾಂತಿಯನ್ನೂ ಅದೇ ಹಾಳೆಯಲ್ಲಿ ನಮೂದಿಸಲಾಗಿದೆ. ಚಾಲಕನ ಮುಂದಿನ ಬೇಡಿಕೆ ಸೀಟಿನ ಸ್ಪಂಜಿನದು. ಈ ಸಲ ಹಿರಿಯ ಪಾಲುದಾರರು ಎರಡು ಕಡೆಯಿಂದ ಅಂದಾಜು ಪಟ್ಟಿ ತರಿಸಿದ್ದಾರೆ.