ಗಣಿಗಾರರ ಊರಿನ ಕ್ರಿಸ್ಮಸ್ ಸಂಜೆ

ಕಳೆದ ಚಳಿಗಾಲದಲ್ಲಿ ನಾನೂ ನನ್ನ ಸಹಧರ್ಮಿಣಿಯೂ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಡಿಸೆಂಬರಿನ ಒಂದು ಶುಕ್ರವಾರ, ಗ್ರಾಸ್ ವ್ಯಾಲಿಯೆಂಬ ಚಿಕ್ಕ ಪಟ್ಟಣದಲ್ಲಿ ಪೂರ್ವಪದ್ಧತಿಯ ‘ಕಾರ್ನಿಷ್ ಕ್ರಿಸ್ಮಸ್’ ಜರುಗುವುದೆಂದೂ ಎಲ್ಲರೂ ಹೋಗಿಬರೋಣವೆಂದೂ ಸೊಸೆ ಹೇಳಿದಳು. ಅನ್ಯಮತದವರ ಉತ್ಸವದಲ್ಲಿ ನಮಗೇನು ಕೆಲಸವೆಂದು ನಾನು ಮೊದಲು ಗೊಣಗಿದುದುಂಟು. ಒಂಬತ್ತು ವರ್ಷದ ಮೊಮ್ಮಗಳು ಕೈಹಿಡಿದೆಳೆದ ಮೇಲೆ ಗೊಣಗಾಟ ನಿಂತಿತು.

ಸಿಯೆರಾ ನೆವಾಡ ಪರ್ವತದ ತಪ್ಪಲಿನಲ್ಲಿರುವ ಆ ಊರನ್ನು ನಾವು ತಲಪುವ ವೇಳೆಗೆ ಮಿಲ್ ಬೀದಿಯಲ್ಲಿ ದೀಪಗಳು ಹೊತ್ತಿದ್ದುವು. ಇಕ್ಕೆಲಗಳಲ್ಲಿಯೂ ಅಂಗಡಿಗಳು, ತಂದೆಯರ ಹೆಗಲೇರಿದ ಕೂಸುಗಳು. ನಮ್ಮ ಕಡೆಯ ಜಾತ್ರೆಯೇ ಸರಿ, ಧೂಳೊಂದಿಲ್ಲ.

ಇಲ್ಲಿಯ ಬೆಣಚುಕಲ್ಲಿನಲ್ಲಿ 1850ರಲ್ಲಿ ಚಿನ್ನವು ಕಾಣಿಸಿಕೊಂಡಿತು. ಹೊಳೆಯ ಮರಳನ್ನು ಜಾಲಿಸುತ್ತಿದ್ದವರಿಗೆ ಬಂಡೆಯನ್ನು ಕೊರೆದು ಆಳಕ್ಕಿಳಿಯುವ ವಿದ್ಯೆ ತಿಳಿಯದು. ಅದನ್ನು ಬಲ್ಲವರು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನವರು. ಸ್ವದೇಶದ ತವರ, ತಾಮ್ರಗಳ ಗಣಿಗಳು ಕ್ಷೀಣಿಸಿದಂತೆಲ್ಲ ಅವರು ಸಂಸಾರಸಹಿತರಾಗಿ ಇಲ್ಲಿಗೆ ಬಂದರು. ಇಲ್ಲಿಯ ಎಂಪೈರ್ ಗಣಿಯು 1956ರಲ್ಲಿ ಮುಚ್ಚುವಷ್ಟರಲ್ಲಿ ನೆಲದೊಳಗೆ 367 ಮೈಲಿಗಳ ಸುರಂಗವಾಗಿತ್ತು. ಅದೇ ನಾಡಿನ ಗಣಿಗಾರರು 1880ರ ದಶಕದಲ್ಲಿ, ಜಾನ್ ಟೇಲರ್ ಕಂಪನಿಯ ಕಾಲದಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರೆಂಬುದನ್ನು ವಾಚಕರು ಬಲ್ಲರಷ್ಟೆ. ಆ ಊರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಲ್ಲಿಯ ಕಾರ್ನಿಷ್ ಹೆಸರುಗಳು ಅಪರಿಚಿತವೆನಿಸಲಿಲ್ಲ.

ಗೃಹಿಣಿಯರಿಗೆ ರುಚಿಸುವ ಸಂಗತಿಯೊಂದಿದೆ. ‘ಪ್ಯಾಸ್ಟಿ’ ಎಂಬ ಭಕ್ಷ್ಯವು ಆಕಾರದಲ್ಲಿ ಥೇಟು ನಮ್ಮ ಕರಜಿಕಾಯಿ. ಅಂಚನ್ನು ಹಾಗೆಯೇ ಮಡಿಸಿ ಒತ್ತಿರುತ್ತಾರೆ. ಆದರೆ ಅಂಗೈಯಗಲ, ಒಳಗೆ ಮಾಂಸ, ಆಲೂಗೆಡ್ಡೆ, ಈರುಳ್ಳಿ. ಗಣಿಗಿಳಿಯುವವನು ಇದನ್ನೇ ಬುತ್ತಿಯಾಗಿ ಒಯ್ಯುತ್ತಿದ್ದನು. ಅರ್ಧ ತಿಂದಿಟ್ಟದ್ದು ಅದಲುಬದಲಾಗದಿರಲೆಂದು ಹೆಂಡತಿಯು ಮೂಲೆಯಲ್ಲಿ ಅವನ ಹೆಸರಿನ ಮೊದಲಕ್ಷರವನ್ನು ಗುರುತಿಸುವಳಂತೆ. ಸುರಂಗದೊಳಗಿನ ಕುಳ್ಳಭೂತಗಳಿಗೆಂದು ಕೊನೆಯ ತುಣುಕನ್ನು ಬಿಡುವ ವಾಡಿಕೆಯೂ ಇತ್ತಂತೆ. ನಮ್ಮ ಭೂತಬಲಿಗೂ ಇದಕ್ಕೂ ಎಷ್ಟು ದೂರ? ಸೊಸೆ ನನಗಾಗಿ ಬರಿಯ ತರಕಾರಿಯದನ್ನು ಹುಡುಕಿ ತಂದಳು. ಉಪ್ಪು ಕಡಮೆ, ಆ ಚಳಿಯಲ್ಲಿ ಅದರ ಬಿಸಿಯೇ ರುಚಿ.

ಅಷ್ಟರಲ್ಲಿ ಮೆಟ್ಟಿಲುಗಳ ಮೇಲೆ ಗಾಯಕರು ನೆರೆದರು, ಬಹುಮಂದಿ ನರೆತಲೆಯವರು. ಗಣಿಯಲ್ಲಿ ದುಡಿದು, ಸಂಗೀತವನ್ನು ಕಲಿತು, ಕ್ರಿಸ್ತಜನನದ ಹಾಡುಗಳಿಗೆ ಸ್ವರ ಕಟ್ಟಿದ ಥಾಮಸ್ ಮೆರಿಟ್ ಎಂಬಾತ (1863–1908) ಕಾರ್ನ್‌ವಾಲಿನವನೇ. ದೇಶಾಂತರ ಹೋದ ಗಣಿಗಾರರೊಡನೆ ಆತನ ಹಾಡುಗಳೂ ಕಡಲು ದಾಟಿದುವು. ಗಂಡುದನಿಗಳು ಒಂದರ ಕೆಳಗೊಂದಾಗಿ ಇಳಿಯುತ್ತಿದ್ದಾಗ ನಾನು ಟೊಪ್ಪಿಗೆಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ ಕೇಳಿದೆನು.

“ತಾತ, ನಿಮ್ಮ ಊರಿನ ಗಣಿಯೂ ಮುಚ್ಚಿತಲ್ಲ? ಅಲ್ಲೂ ಹೀಗೆ ಹಾಡುತ್ತಾರೆಯೆ?” ಎಂದಳು ಮೊಮ್ಮಗಳು.

2001ನೆಯ ಫೆಬ್ರವರಿ 28ರಂದು ನಮ್ಮ ಗಣಿ ಮುಚ್ಚಿತು. ಆ ವರ್ಷ ನನ್ನ ತರಗತಿಯ ಹಾಜರಿ ಪುಸ್ತಕದಿಂದ ಹನ್ನೊಂದು ಹೆಸರುಗಳನ್ನು ನಾನೇ ಹೊಡೆದುಹಾಕಿದ್ದೆನು. ಉಳಿದ ಅನೇಕರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವವರಾದರು. ಆದರೂ ಪ್ರತಿ ಡಿಸೆಂಬರಿನಲ್ಲಿ ಲೈನುಮನೆಗಳ ಮುಂದೆ ನಕ್ಷತ್ರದ ಗೂಡುದೀಪಗಳು ತೂಗುತ್ತಿದ್ದುವು. ರಾತ್ರಿ ಹಾಡಿನ ತಂಡಗಳು ಮನೆಮನೆಗೂ ಹೋಗುತ್ತಿದ್ದುವು. ಪ್ರತಿ ವರ್ಷವೂ ಯಾರಾದರೊಬ್ಬ ಶಿಷ್ಯನು ಬಾಗಿಲಲ್ಲಿ ನಿಂತು, “ಸಾರ್, ನಮ್ಮ ಮನೆಗೆ ಬರಬೇಕು” ಎಂದು ಕರೆಯುವನು. ಮಡಿ, ವ್ರತ, ನೆಗಡಿ, ಹೀಗೆ ಪ್ರತಿ ವರ್ಷವೂ ನನ್ನಲ್ಲೊಂದು ನೆಪ ಸಿದ್ಧವಾಗಿರುತ್ತಿತ್ತು. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಹೋಗಲಿಲ್ಲ.

“ಹಾಡುತ್ತಾರೆ” ಎಂದೆನು. “ಹೇಗಿರುತ್ತದೆ?” ಎಂದಳು. ನನಗೆ ಹೇಳಲು ಬರಲಿಲ್ಲ.

ಮನೆಗೆ ಬಂದವನೇ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿ, ಮುಂದಿನ ಕ್ರಿಸ್ಮಸ್ಸಿಗೆ ಬರುವೆನೆಂದೆನು. ಆತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬನ್ನಿ ಸಾರ್. ನಿಮಗೆ ಬೇರೆ ಪಾತ್ರೆಯಲ್ಲಿ ಮಾಡಿಸುತ್ತೇನೆ” ಎಂದನು. ಬೇರೆ ಪಾತ್ರೆ ಬೇಡವೆಂದು ಹೇಳಿದೆನು.