ಸಾರಸಕ್ಕೂ ಬಂತು ಕೋಳಿ ಕಾಯಿಲೆ!

ಉದ್ದ ಕಾಲಿನ ಹಕ್ಕಿ ಕಂಡರೆ ಸಾಕು, ನಾವು 'ಕೊಕ್ಕರೆ' ಅಂದುಬಿಡುತ್ತೇವೆ. ಆದರೆ ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಬೇರೆ, ಸಾರಸ ಬೇರೆ. ಸಾರಸದ ಹಿಂಬೆರಳು ಗಿಡ್ಡ, ಕೊಂಬೆ ಹಿಡಿಯಲು ಬಾರದು. ಮೇಯುವುದು, ಮಲಗುವುದು, ಮರಿ ಮಾಡುವುದು ಎಲ್ಲಾ ನೆಲದಲ್ಲೇ, ಇಲ್ಲವೇ ಮೊಣಕಾಲುದ್ದದ ನೀರಿನಲ್ಲೇ. ಅದರ ಗ್ರಹಚಾರ ಶುರುವಾಗುವುದೂ ಅಲ್ಲೇ.

ಅಮೆರಿಕದ ಫ್ಲಾರಿಡಾದಲ್ಲಿ 'ಸ್ಯಾಂಡ್‌ಹಿಲ್' ಎಂಬ ಬೂದು ಸಾರಸದ ಉಪಜಾತಿಯೊಂದಿದೆ. ಎತ್ತರ ಸುಮಾರು 4 ಅಡಿ, ನೆತ್ತಿಯಲ್ಲಿ ಗರಿಯಿಲ್ಲದ ಕೆಂಪು ಚರ್ಮ. ಉತ್ತರದ ದಾಯಾದಿಗಳು ಚಳಿಗಾಲಕ್ಕೆ ಬಂದು ಹೋಗುತ್ತವೆ. ಇವು ಮಾತ್ರ ವರ್ಷವಿಡೀ ಅಲ್ಲೇ ಠಿಕಾಣಿ. ಇರುವುದೆಲ್ಲಾ ಸೇರಿ ನಾಲ್ಕೈದು ಸಾವಿರ. ಸಾಮಾನ್ಯವಾಗಿ 2 ಮೊಟ್ಟೆ, ಸುಮಾರು 30 ದಿನ ಕಾವು. ಮರಿ ಒಂದೇ ದಿನದಲ್ಲಿ ಅಪ್ಪ-ಅಮ್ಮನ ಹಿಂದೆ ಹೊರಟುಬಿಡುತ್ತದೆ, ಹಾರಲು ಮಾತ್ರ ಎರಡು ತಿಂಗಳ ಮೇಲೆ ಬೇಕು.

ಈ ಎರಡು ತಿಂಗಳೇ ಗಂಡಾಂತರ. ಕೋಳಿ ಸಾಕಿದವರಿಗೆ ರಕ್ತಭೇದಿ ಗೊತ್ತು. ಐಮೇರಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯ ಕೆಲಸ ಅದು. ಸಾರಸಕ್ಕೂ ಇದರದೇ ಬಳಗದ ಎರಡು ಜೀವಿಗಳು ಅಂಟುತ್ತವೆ. ಹಿಕ್ಕೆಯಲ್ಲಿ ಹೊರಬಿದ್ದು, ಒದ್ದೆ ಮಣ್ಣಿನಲ್ಲಿ ಬಲಿತು, ಮೇವಿನ ಜೊತೆ ಮತ್ತೊಂದು ಹಕ್ಕಿಯ ಹೊಟ್ಟೆ ಸೇರುತ್ತವೆ. ಕೋಳಿಯಲ್ಲಾದರೆ ಕರುಳಿನಲ್ಲೇ ನಿಲ್ಲುತ್ತದೆ. ಸಾರಸದಲ್ಲಿ ಹಾಗಲ್ಲ ಸ್ವಾಮಿ, ಕರುಳು ದಾಟಿ ಯಕೃತ್ತು, ಗುಲ್ಮ, ಶ್ವಾಸಕೋಶಕ್ಕೆಲ್ಲಾ ಹಬ್ಬಿ ಬಿಳಿ ಗಂಟು ಕಟ್ಟುತ್ತದೆ. ದೊಡ್ಡ ಹಕ್ಕಿ ಹೇಗೋ ತಡೆದುಕೊಳ್ಳುತ್ತದೆ, ಮರಿ ಸಾಯಬಹುದು.

ಆದರೂ ಸ್ಯಾಂಡ್‌ಹಿಲ್ ಗಟ್ಟಿಪಿಂಡವೇ. 1984ರಲ್ಲಿ ಮೇರಿಲ್ಯಾಂಡ್‌ನ ಪಟಕ್ಸೆಂಟ್ ಸಂಶೋಧನಾ ಕೇಂದ್ರದಲ್ಲಿ ಸೊಳ್ಳೆಯಿಂದ ಹರಡುವ ಮಿದುಳುಜ್ವರ ಬಂದು, ಅಪರೂಪದ ಬಿಳಿ ಹೂಪಿಂಗ್ ಸಾರಸಗಳು 39ರಲ್ಲಿ 7 ಸತ್ತವು. ಅದೇ ಆವರಣದ ಸ್ಯಾಂಡ್‌ಹಿಲ್‌ಗಳಿಗೆ ಏನೂ ಆಗಲಿಲ್ಲ!

ಕಾಡಿನಲ್ಲಿ ಒಂದೊಂದು ಜೋಡಿ ತನ್ನದೇ ಜಾಗ ಕಾಯ್ದುಕೊಂಡು ದೂರ ದೂರ ಇರುತ್ತದೆ, ಹಿಕ್ಕೆಯೂ ಚದುರಿ ಬೀಳುತ್ತದೆ. ಜೌಗು ಬತ್ತಿಸಿ ಮನೆ ಕಟ್ಟಿದ ಮೇಲೆ ಹಕ್ಕಿಗಳು ಬಡಾವಣೆಗೇ ಬಂದವು. ಜನ ಪ್ರೀತಿಯಿಂದ ಕಾಳು ಎಸೆದರು. ಹತ್ತಾರು ಹಕ್ಕಿ ಒಂದೇ ಅಂಗಳದಲ್ಲಿ ತಿಂದು, ಅಲ್ಲೇ ಹಿಕ್ಕೆ ಹಾಕಿದರೆ ರೋಗಕ್ಕೆ ಇನ್ನೇನು ಬೇಕು? ರಸ್ತೆ ದಾಟುವಾಗ ವಾಹನಕ್ಕೆ ಸಿಕ್ಕುವುದು ಬೇರೆ. ಈಗ ಫ್ಲಾರಿಡಾದಲ್ಲಿ ಅವಕ್ಕೆ ಮೇವು ಹಾಕುವುದೇ ಅಪರಾಧ. ಹಕ್ಕಿಗೆ ಕಾನೂನು ಗೊತ್ತಿಲ್ಲವಲ್ಲ! ಹೊಳೆಯುವ ಕಾರಿನಲ್ಲಿ ತನ್ನದೇ ಮುಖ ಕಂಡು, ಎದುರಾಳಿ ಬಂದನೆಂದು ಕುಕ್ಕುತ್ತಾ ನಿಲ್ಲುತ್ತದೆ.