ಧೂಮಪಾನ ತ್ಯಜಿಸಿದ ನಂತರ ತೂಕ ಹೆಚ್ಚಳ ಹಾಗೂ ಇ-ಸಿಗರೇಟು ಬಳಕೆ: ಸಾರ್ವಜನಿಕರಿಗೆ ಮಾಹಿತಿ

ಬೀಡಿ ಅಥವಾ ಸಿಗರೇಟು ಸೇದುವುದನ್ನು ಬಿಡಬಯಸುವವರಲ್ಲಿ ಹಲವರು, ಬಿಟ್ಟರೆ ದೇಹದ ತೂಕ ಹೆಚ್ಚುವುದೆಂಬ ಕಾರಣದಿಂದ ನಿರ್ಧಾರವನ್ನು ಮುಂದೂಡುತ್ತಾರೆ. ಬಿಟ್ಟವರಲ್ಲಿಯೂ ಕೆಲವರು ಎರಡು ಮೂರು ತಿಂಗಳಲ್ಲಿ ಉಡುಪು ಬಿಗಿಯಾದುದನ್ನು ಕಂಡು ಪುನಃ ಸೇದಲು ತೊಡಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇದರೊಂದಿಗೆ ಮತ್ತೊಂದು ಅಭಿಪ್ರಾಯವೂ ಸೇರಿಕೊಂಡಿದೆ. ವೇಪ್ ಎಂದು ಕರೆಯಲಾಗುವ ಇ-ಸಿಗರೇಟನ್ನು ಬಳಸಿದಲ್ಲಿ ಧೂಮಪಾನವೂ ತಪ್ಪುತ್ತದೆ, ತೂಕವೂ ಏರುವುದಿಲ್ಲ ಎಂಬುದೇ ಆ ಅಭಿಪ್ರಾಯ. ತಂಬಾಕು ವ್ಯಸನ ಮುಕ್ತಿ ಸೇವೆಯನ್ನು ಪಡೆಯಬಯಸುವ ನಾಗರಿಕರ ಅನುಕೂಲಕ್ಕಾಗಿ ಈ ಎರಡೂ ವಿಷಯಗಳ ಬಗ್ಗೆ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ತೂಕ ಹೆಚ್ಚುವುದು ನಿಜವೇ?

ನಿಜ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮೊದಲೇ ತಿಳಿಸದಿದ್ದಲ್ಲಿ ತೂಕ ಏರಿದ ದಿನ ಸಲಹೆ ನೀಡಿದವರ ಮೇಲಿನ ನಂಬಿಕೆಯೇ ಹೋಗುತ್ತದೆ. ಆದರೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ಸರಿಯಾಗಿ ಅರಿಯುವುದು ಅಗತ್ಯ. ಔಷಧದ ಸಹಾಯವಿಲ್ಲದೆ ಧೂಮಪಾನ ಬಿಟ್ಟವರ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯಂತೆ, ಸರಾಸರಿ ಹೆಚ್ಚಳವು ಮೊದಲ ತಿಂಗಳಲ್ಲಿ ಸುಮಾರು 1.1 ಕಿಲೋ, ಮೂರು ತಿಂಗಳಲ್ಲಿ 2.9 ಕಿಲೋ ಹಾಗೂ ಒಂದು ವರ್ಷದಲ್ಲಿ 4.7 ಕಿಲೋ ಆಗಿರುತ್ತದೆ. ಅಂದರೆ ವರ್ಷದ ಹೆಚ್ಚಳದಲ್ಲಿ ಅರ್ಧಕ್ಕಿಂತ ಅಧಿಕ ಭಾಗವು ಮೊದಲ ಮೂರು ತಿಂಗಳಲ್ಲಿಯೇ ಬರುತ್ತದೆ. ಸರಾಸರಿಯು ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ವರ್ಷದ ಕೊನೆಗೆ ಶೇಕಡ 16ರಷ್ಟು ಜನರ ತೂಕ ಇಳಿದಿತ್ತು. ಶೇಕಡ 13ರಷ್ಟು ಜನರಲ್ಲಿ ಮಾತ್ರ 10 ಕಿಲೋಗಿಂತ ಹೆಚ್ಚು ಏರಿತ್ತು.

ಇದಕ್ಕೆ ಮುಖ್ಯ ಕಾರಣ ನಿಕೋಟಿನ್. ಇದು ಮಿದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಭಾಗದ ಮೇಲೆ ಕೆಲಸ ಮಾಡಿ ಹಸಿವನ್ನು ಕುಗ್ಗಿಸುತ್ತದೆ. ದೇಹವು ವ್ಯಯಿಸುವ ಶಕ್ತಿಯನ್ನೂ ಸ್ವಲ್ಪ ಹೆಚ್ಚಿಸುತ್ತದೆ. 1986ರ ಒಂದು ಪ್ರಯೋಗದಲ್ಲಿ ದಿನಕ್ಕೆ 24 ಸಿಗರೇಟು ಸೇದುವವರಲ್ಲಿ ಈ ಹೆಚ್ಚುವರಿ ವ್ಯಯವು ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿಯಷ್ಟಿತ್ತು. ಅರವತ್ತು ಕಿಲೋ ತೂಕದ ವ್ಯಕ್ತಿಯು ಸುಮಾರು ಒಂದು ಗಂಟೆ ಚುರುಕಾಗಿ ನಡೆದರೆ ಇದು ಸರಿಹೋಗುತ್ತದೆ. ಕಡಿಮೆ ಸೇದುತ್ತಿದ್ದವರಿಗೆ ಅಷ್ಟು ದೂರವೂ ಬೇಕಾಗುವುದಿಲ್ಲ. ಧೂಮಪಾನ ಬಿಟ್ಟ ಕೆಲವೇ ವಾರಗಳಲ್ಲಿ ನಾಲಿಗೆಯ ರುಚಿ ಮತ್ತು ಮೂಗಿನ ವಾಸನೆ ಮರಳುವುದರಿಂದ ಊಟವೂ ರುಚಿಸತೊಡಗುತ್ತದೆ.

ಇ-ಸಿಗರೇಟಿನ ಬಗ್ಗೆ ಇರುವ ಅಭಿಪ್ರಾಯ

ತಂಬಾಕನ್ನು ತೆಳ್ಳಗಿನ ಮೈಯೊಂದಿಗೆ ಜೋಡಿಸುವುದು ಹೊಸದೇನಲ್ಲ. 1920ರ ದಶಕದ ಕೊನೆಯಲ್ಲಿಯೇ ಅಮೆರಿಕದ ಸಿಗರೇಟು ಜಾಹೀರಾತುಗಳು ಸಿಹಿ ತಿನಿಸಿನ ಬದಲು ಸಿಗರೇಟನ್ನು ಕೈಗೆತ್ತಿಕೊಳ್ಳುವಂತೆ ಮಹಿಳೆಯರಿಗೆ ಹೇಳುತ್ತಿದ್ದವು. ಅದೇ ಮಾತು ಈಗ ಹಣ್ಣು, ಐಸ್‌ಕ್ರೀಂ ಮುಂತಾದ ಪರಿಮಳದ ಇ-ಸಿಗರೇಟಿನೊಂದಿಗೆ ಮರಳಿ ಬಂದಿದೆ. ಅಮೆರಿಕದ ವಯಸ್ಕ ಬಳಕೆದಾರರ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸುಮಾರು ಶೇಕಡ 13ರಷ್ಟು ಜನರು ತೂಕ ಇಳಿಸಲು ಅಥವಾ ಹತೋಟಿಯಲ್ಲಿಡಲು ಇದನ್ನು ಬಳಸುವುದಾಗಿ ತಿಳಿಸಿದ್ದರು.

ಇ-ಸಿಗರೇಟಿನಲ್ಲಿರುವುದೂ ಸಾಮಾನ್ಯವಾಗಿ ಅದೇ ನಿಕೋಟಿನ್ ಆದುದರಿಂದ ಬಳಸುವಷ್ಟು ಕಾಲ ಹಸಿವು ಕುಗ್ಗಬಹುದು. ಆದರೆ ಧೂಮಪಾನ ಬಿಟ್ಟವರ ತೂಕವನ್ನು ಅದು ದೀರ್ಘಕಾಲ ತಡೆಯುತ್ತದೆ ಎಂಬುದಕ್ಕೆ ದೃಢವಾದ ಆಧಾರವಿಲ್ಲ. ನಿಕೋಟಿನ್ ನಿಂತ ದಿನದಿಂದ ಹಸಿವು ಮರಳುತ್ತದೆ. ಹಳೆಯ ಬಾಕಿಯನ್ನು ತೀರಿಸದೆ ಮುಂದಿನ ವರ್ಷದ ಲೆಕ್ಕಕ್ಕೆ ಎಳೆದಂತೆ ತೂಕವು ಮುಂದೆ ಹೋಗುತ್ತದೆ, ವ್ಯಸನ ಮಾತ್ರ ಉಳಿಯುತ್ತದೆ. ಎಂದೂ ಸೇದದ ಯುವಕ ಯುವತಿಯರು ತೆಳ್ಳಗಾಗುವ ಆಸೆಯಿಂದ ಇದನ್ನು ಆರಂಭಿಸುವುದು ಇನ್ನೂ ಹೆಚ್ಚಿನ ಹಾನಿ.

ಇಂಗ್ಲೆಂಡಿನಲ್ಲಿ ಧೂಮಪಾನ ಬಿಡಿಸಲು ಸರ್ಕಾರವೇ ಇ-ಸಿಗರೇಟು ನೀಡುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಿತೆಂಬುದು ನಿಜ. ಸೇದುವುದನ್ನು ನಿಲ್ಲಿಸಲು ನಿಕೋಟಿನ್‌ಯುಕ್ತ ಇ-ಸಿಗರೇಟು ಹಲವರಿಗೆ ನೆರವಾಗಿದೆ ಎಂದು ಅಧ್ಯಯನಗಳೂ ತಿಳಿಸುತ್ತವೆ. ಆದರೆ ಅಲ್ಲಿ ಅದಕ್ಕೆ ಗುಣಮಟ್ಟದ ನಿಯಮಗಳೂ ಸಮಾಲೋಚನೆಯೂ ಇವೆ. ಅದನ್ನು ಕೊಡುವ ಉದ್ದೇಶ ಸಿಗರೇಟು ಬಿಡಿಸುವುದೇ ಹೊರತು ತೂಕ ಇಳಿಸುವುದಲ್ಲ.

ಕಾನೂನಿನ ಸ್ಥಿತಿ

ಕರ್ನಾಟಕದಲ್ಲಿ ಇ-ಸಿಗರೇಟಿನ ಮಾರಾಟವನ್ನು 2016ರಲ್ಲಿಯೇ ನಿಷೇಧಿಸಲಾಗಿತ್ತು. ತದನಂತರ ಇಡೀ ದೇಶಕ್ಕೆ ಅನ್ವಯವಾಗುವಂತೆ ಇ-ಸಿಗರೇಟು ನಿಷೇಧ ಅಧಿನಿಯಮ, 2019 ಜಾರಿಗೆ ಬಂದಿದೆ. ಸದರಿ ಅಧಿನಿಯಮದ ಕಲಂ 4ರಂತೆ ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪುನರಾವರ್ತಿತ ಅಪರಾಧಕ್ಕೆ ಮೂರು ವರ್ಷದವರೆಗೆ ಕಾರಾವಾಸ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡ. ದಾಸ್ತಾನು ಇಡಲು ಸ್ಥಳ ಒದಗಿಸುವುದಕ್ಕೂ ಪ್ರತ್ಯೇಕ ಶಿಕ್ಷೆಯಿದೆ. ಹೊರದೇಶದಲ್ಲಿರುವ ಬಂಧುಗಳ ಮೂಲಕ ತರಿಸಿಕೊಳ್ಳುವ ರೂಢಿ ಅಲ್ಲಲ್ಲಿ ಕಂಡುಬರುತ್ತದೆ. ಸ್ವಂತ ಬಳಕೆಗೆಂದು ತರುವ ಆಮದಿಗೂ ಅಧಿನಿಯಮದಲ್ಲಿ ವಿನಾಯಿತಿಯಿಲ್ಲ. ಕಳ್ಳ ಮಾರಾಟದ ಸಾಧನಗಳಲ್ಲಿ ನಿಕೋಟಿನ್ ಎಷ್ಟಿದೆ, ಇನ್ನೇನು ಬೆರೆತಿದೆ ಎಂಬುದನ್ನು ಕೊಂಡವರು ತಿಳಿಯುವಂತಿಲ್ಲ. ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940ರ ಅಡಿ ಪರವಾನಗಿ ಪಡೆದ ಉತ್ಪನ್ನಗಳು ಈ ನಿಷೇಧಕ್ಕೆ ಒಳಪಡುವುದಿಲ್ಲ. ಆದುದರಿಂದ ನಿಕೋಟಿನ್ ಗಮ್, ಪಟ್ಟಿ ಇತ್ಯಾದಿಗಳನ್ನು ವೈದ್ಯರ ಸಲಹೆಯಂತೆ ಬಳಸಲು ಅಡ್ಡಿಯಿಲ್ಲ. ಇವುಗಳನ್ನು ಬಳಸುವ ಅವಧಿಯಲ್ಲಿ ತೂಕದ ಏರಿಕೆಯೂ ಕೊಂಚ ನಿಧಾನವಾಗುತ್ತದೆ.

ಏರಿದ ತೂಕದಿಂದ ಬಿಟ್ಟ ಲಾಭ ಹೋಗುವುದೇ?

ಇಲ್ಲ. ಮಧುಮೇಹವಿಲ್ಲದವರಲ್ಲಿ, ತೂಕ ಏರಿದ್ದರೂ ಸಹ, ಧೂಮಪಾನ ಬಿಟ್ಟವರ ಹೃದ್ರೋಗದ ಅಪಾಯವು ಸೇದುವವರಿಗಿಂತ ಸುಮಾರು ಅರ್ಧದಷ್ಟಿತ್ತೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಆಧಾರದ ಮೇಲೆ 2013ರಲ್ಲಿ ವರದಿಯಾಗಿದೆ. 2018ರ ಇನ್ನೊಂದು ದೊಡ್ಡ ಅಧ್ಯಯನವು ಎಚ್ಚರಿಕೆಯ ಅಂಶವೊಂದನ್ನು ಸೇರಿಸಿದೆ: ಬಿಟ್ಟ ನಂತರ ತೂಕ ಹೆಚ್ಚಿದವರಲ್ಲಿ ಮಧುಮೇಹದ ಸಂಭವ ಕೆಲವು ವರ್ಷ ಏರಿ, ಐದರಿಂದ ಏಳನೆಯ ವರ್ಷದಲ್ಲಿ ಗರಿಷ್ಠವಾಗಿ, ನಂತರ ಇಳಿಯುತ್ತದೆ. ಅಂತಹವರಲ್ಲಿಯೂ ಸಾವಿನ ಅಪಾಯ ಕಡಿಮೆಯಾಗಿಯೇ ಇತ್ತು. ಆದುದರಿಂದ ಬಿಟ್ಟವರು ರಕ್ತದ ಸಕ್ಕರೆಯನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುವುದು ಸೂಕ್ತ. ಈಗಾಗಲೇ ಮಧುಮೇಹವಿರುವವರು ಬಿಡುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು, ಏಕೆಂದರೆ ಔಷಧದ ಪ್ರಮಾಣವನ್ನು ಬದಲಿಸಬೇಕಾಗಬಹುದು.

ಪಾಲಿಸಬಹುದಾದ ಕ್ರಮಗಳು

ಮೊದಲ ವಾರಗಳಲ್ಲಿ ಕಠಿಣ ಉಪವಾಸ ಮಾಡಬಾರದು; ಹಸಿದ ಹೊಟ್ಟೆ ಸೇದುವ ಬಯಕೆಯನ್ನು ಕೆರಳಿಸುತ್ತದೆ. ತೂಕ ಏರುವ ಬಾಗಿಲು ಬಹುತೇಕ ಚಹಾ ಅಂಗಡಿಯೇ. ಚಹಾದ ಜೊತೆ ಬೀಡಿ ಸೇದುತ್ತಿದ್ದವರು ಅದೇ ಹೊತ್ತಿಗೆ ಬಜ್ಜಿ, ಬಿಸ್ಕತ್ತು, ಇನ್ನೊಂದು ಲೋಟ ಚಹಾ ಎಂದು ತೊಡಗುತ್ತಾರೆ. ಧೂಮಪಾನ ನಿಂತಾಗ ಕಾಫಿ ಚಹಾದಲ್ಲಿರುವ ಕೆಫೀನ್ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ ಹಿಂದಿನಷ್ಟೇ ಲೋಟ ಕುಡಿದರೂ ಚಡಪಡಿಕೆ, ನಿದ್ರಾಹೀನತೆ ಉಂಟಾಗಬಹುದು. ಇದನ್ನು ಹಲವರು ಬೀಡಿ ಬಿಟ್ಟ ಸಂಕಟವೆಂದೇ ತಿಳಿದು ಪುನಃ ಸೇದುತ್ತಾರೆ. ಲೋಟಗಳ ಸಂಖ್ಯೆಯನ್ನೂ ಸಕ್ಕರೆಯನ್ನೂ ಇಳಿಸುವುದು ಎರಡಕ್ಕೂ ಪರಿಹಾರ. ಬಾಯಿಗೆ ಏನಾದರೂ ಬೇಕೆನಿಸಿದಾಗ ಸೋಂಪು, ಸೌತೆಕಾಯಿ, ನೀರು ಮಜ್ಜಿಗೆ ಸಾಕು. ಗುಟ್ಕಾ, ಹೊಗೆಸೊಪ್ಪು ಅಥವಾ ಅಡಿಕೆಗೆ ಹೋಗಬಾರದು. ಅಡಿಕೆಯೊಂದೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದು. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡ 8.8 ಇದ್ದರೆ ಹೊಗೆರಹಿತ ತಂಬಾಕು ಬಳಸುವವರು ಶೇಕಡ 16.3 ಇದ್ದರು. ಆದ್ದರಿಂದ ಈ ಬದಲಾವಣೆಯ ಭಯ ಇಲ್ಲಿ ಹೆಚ್ಚು.

ಸೇವೆ ಪಡೆಯುವ ವಿಧಾನ

ಜಿಲ್ಲಾ ಆಸ್ಪತ್ರೆಗಳಲ್ಲಿರುವ ತಂಬಾಕು ವ್ಯಸನ ಮುಕ್ತಿ ಕೇಂದ್ರಗಳಲ್ಲಿ ಸಮಾಲೋಚನೆ ಉಚಿತ. ರಾಷ್ಟ್ರೀಯ ಕ್ವಿಟ್‌ಲೈನ್‌ನ ಶುಲ್ಕರಹಿತ ದೂರವಾಣಿ ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಾದೇಶಿಕ ಕೇಂದ್ರವಾಗಿದ್ದು, ಕನ್ನಡದಲ್ಲಿ ಮಾತನಾಡಬಹುದು. 011-22901701 ಸಂಖ್ಯೆಗೆ ಮಿಸ್ಡ್ ಕಾಲ್ ನೀಡಿ ಮೊಬೈಲ್ ಸಂದೇಶ ಸೇವೆಗೆ ನೋಂದಾಯಿಸಿಕೊಳ್ಳಲೂ ಅವಕಾಶವಿದೆ. ಕೇಂದ್ರಕ್ಕೆ ಬರುವವರು ದಿನಕ್ಕೆ ಎಷ್ಟು ಸೇದುತ್ತಾರೆ, ಯಾವ ಔಷಧ ಸೇವಿಸುತ್ತಿದ್ದಾರೆ ಎಂಬ ವಿವರದೊಂದಿಗೆ ತೂಕದ ಬಗ್ಗೆ ಇರುವ ಆತಂಕವನ್ನೂ ಮೊದಲ ಭೇಟಿಯಲ್ಲಿಯೇ ಸಮಾಲೋಚಕರಿಗೆ ತಿಳಿಸುವುದು.